ಮೂವತ್ತಾರು ಮೀಟರು

ಅಲ್ಲಲ್ಲ, ಅಲ್ಲಿ ಅಲ್ಲ ಭಾವ. ಮೂರನೇ ಹಾಳೆ ತಿರುಗಿಸಿ. ಕೆಳಗೆ ಗೆರೆ ಎಳೆದಿದೆ ನೋಡಿ, ಅಲ್ಲಿ. ವಕೀಲರು ಪೆನ್ಸಿಲಲ್ಲಿ ಗುರುತು ಹಾಕಿ ಕೊಟ್ಟಿದ್ದಾರೆ, ನಿಮಗೆ ಹುಡುಕೋ ಕಷ್ಟ ಬೇಡ ಅಂತ. ಓದ್ಬೇಕಾ? ಓದಿ, ಓದಿ, ನಂದೇನೂ ಅವಸರ ಇಲ್ಲ. ಪುಟ್ಟಿ ದೊಡ್ಡವಳಾಗೋವರೆಗೂ ಈ ಮನೇಲೇ ಇರ್ತಾಳೆ. ಅಮ್ಮ, ನಾನು ನೋಡ್ಕೋತೀವಿ. ತಿಂಗಳಿಗೆ ಎರಡು ಭಾನುವಾರ ನೀವು ಬಂದು ಮಗಳ ಮುಖ ನೋಡ್ಕೊಂಡು ಹೋಗಬಹುದು. ಕಾರಲ್ಲಿ ಮಾತ್ರ ಎಲ್ಲಿಗೂ ಕರ್ಕೊಂಡು ಹೋಗೋ ಹಾಗಿಲ್ಲ. ಆ ಸಾಲು ನಾನೇ ಹೇಳಿ ಸೇರಿಸಿದ್ದು.

ಯಾಕೆ ಹಾಗೆ ನೋಡ್ತೀರಿ? ತಪ್ಪಾಯ್ತಾ? ಹತ್ತು ತಿಂಗಳ ಹಿಂದೆ ನನ್ನ ಅಕ್ಕನ್ನ ಪಕ್ಕದ ಸೀಟಲ್ಲಿ ಕೂರಿಸ್ಕೊಂಡು ಹೊರಟ್ರಿ. ಹಣೆಗೆ ಆರು ಹೊಲಿಗೆ ಹಾಕಿಸ್ಕೊಂಡು ನೀವು ಬಂದ್ರಿ. ಅವಳು ಬರ್ಲಿಲ್ಲ. ಅಂಥವರ ಕೈಗೆ ಏಳು ವರ್ಷದ ಮಗು ಕೊಡಿ ಅಂದ್ರೆ... ನೀವೇ ಹೇಳಿ, ನನ್ನ ಜಾಗದಲ್ಲಿದ್ರೆ ನೀವು ಕೊಡ್ತಿದ್ರಾ?

ಹೇಳಲ್ಲ. ನೀವು ಬಾಯಿ ಬಿಡಲ್ಲ ಬಿಡಿ. ಆವತ್ತು ಆಸ್ಪತ್ರೆ ಬೆಂಚಿನ ಮೇಲೂ ಹೀಗೇ ಕೂತಿದ್ರಿ, ಮಳೇಲಿ ನೆಂದ ಅಂಗಿಯಲ್ಲಿ. ಎಷ್ಟು ಸಲ ಕೇಳಿದ್ರೂ ಅದೇ ಮಾತು. ಎಪ್ಪತ್ತರಲ್ಲಿದ್ದೆ, ಲಾರಿ ಕಾಣಿಸ್ತು, ಬ್ರೇಕ್ ಹಾಕ್ದೆ, ನಿಲ್ಲಲಿಲ್ಲ. ಎಪ್ಪತ್ತಂತೆ! ಕನ್ನಡಕದ ಅಂಗಡಿ ಇಟ್ಕೊಂಡು ಊರವರಿಗೆಲ್ಲ ಕಣ್ಣು ಕಾಣೋ ಹಾಗೆ ಮಾಡೋ ಮನುಷ್ಯ ನೀವು. ಎದುರಿಗೆ ನಿಂತಿದ್ದ ಲಾರಿ ನಿಮಗೆ ಕಂಡಿದ್ದು ಐವತ್ತು ಮೀಟರ್ ಹತ್ತಿರ ಬಂದ್ಮೇಲೆ. ನಗು ಬರುತ್ತೆ ಭಾವ, ನಿಜವಾಗ್ಲೂ. ಅಳೋಕಾಗ್ದೆ ನಗ್ತೀನಿ.

ನಾನು ಸುಮ್ಮನೆ ಆಡೋ ಮಾತಲ್ಲ ಇದು. ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ. ಟೈರು ಹೇಗಿದೆ ಅಂತ ನಾನು ಪತ್ರಿಕೇಲಿ ಬರೆದ್ರೆ ಜನ ತಗೋತಾರೆ, ಬೇಡ ಅಂದ್ರೆ ಅಂಗಡೀಲಿ ಧೂಳು ತಿನ್ನುತ್ತೆ. ಯಾಕೆ ನಂಬ್ತಾರೆ? ಗ್ರಾಹಕರು ಬರೀತಾರಲ್ಲ ಅಭಿಪ್ರಾಯ, ಐದು ನಕ್ಷತ್ರ, ಬೆಣ್ಣೆ ಹಾಗೆ ಓಡುತ್ತೆ ಅಂತ, ಅದೆಲ್ಲ ಅಂಗಡಿಯಿಂದ ಮನೆ ಮುಟ್ಟೋದ್ರೊಳಗೆ ಬರೆದಿದ್ದು. ಅದೂ ಬಿರುಬೇಸಿಗೇಲಿ. ಒಣರಸ್ತೆಯಲ್ಲಿ ಯಾವ ಟೈರಾದ್ರೂ ನಿಲ್ಲುತ್ತೆ! ನೀರು ಬಿದ್ದಾಗ್ಲೇ ಅದರ ಬಣ್ಣ ಬಯಲಾಗೋದು. ಅದಕ್ಕೇ ನಾವು ನೀರಿನ ಟ್ಯಾಂಕರ್ ತರಿಸ್ತೀವಿ. ನೂರು ಮೀಟರ್ ರಸ್ತೆ ನೆನೆಸಬೇಕು, ಎಂಬತ್ತರಲ್ಲಿ ಬಂದು ಗೆರೆ ಮುಟ್ಟಿದ ತಕ್ಷಣ ಬ್ರೇಕ್ ತುಳೀಬೇಕು, ನಿಂತ ಕಡೆ ಟೇಪು ಹಿಡೀಬೇಕು. ಮತ್ತೆ ನೆನೆಸಬೇಕು, ಮತ್ತೆ ತುಳೀಬೇಕು. ಐದು ಸಲ. ಸರಾಸರಿ ತೆಗೆದು ಬರೆಯೋದು.

ನಿಮ್ಮ ಕಾರಿಗೆ ಹಾಕಿಸಿದ್ರಲ್ಲ, ಆ ಟೈರು... ಮೂವತ್ತಾರು ಮೀಟರು. ಅಚ್ಚಾಗಿದೆ, ಯಾರು ಬೇಕಾದ್ರೂ ನೋಡಬಹುದು. ಪೊಲೀಸರಿಗೂ ಅದನ್ನೇ ಬರೆದು ಕೊಟ್ಟೆ. ಲೆಕ್ಕ ಸಣ್ಣ ಮಕ್ಕಳಿಗೂ ಗೊತ್ತಾಗೋಂಥದ್ದು. ನೀವು ಎಪ್ಪತ್ತರಲ್ಲಿದ್ದಿದ್ರೆ, ಕಾಲು ಬ್ರೇಕ್ ಮುಟ್ಟೋವರೆಗೆ ಓಡಿದ್ದೂ ಸೇರಿಸಿ, ಕಾರು ಲಾರಿಗಿಂತ ಒಂದೂವರೆ ಮಾರು ಹಿಂದೇನೇ ನಿಂತಿರ್ತಿತ್ತು. ನಿಲ್ಲಲಿಲ್ಲ. ಅಂದ್ರೆ ತೊಂಬತ್ತು. ತೊಂಬತ್ತರ ಮೇಲೇ ಇದ್ರಿ ನೀವು. ನೀವೂ ಕೊನೆಗೆ ಒಪ್ಕೊಂಡ್ರಲ್ಲ, ಇದ್ರೂ ಇರಬಹುದು, ನಂಗೇ ಸರಿಯಾಗಿ ನೆನಪಿಲ್ಲ ಅಂತ. ಅವತ್ತೇ ನಾನು ಅಮ್ಮಂಗೆ ಹೇಳ್ದೆ, ಮಗು ಇನ್ನು ಅಲ್ಲಿಗೆ ಹೋಗಲ್ಲ ಅಂತ.

ಸಹಿ ಹಾಕಿ.

ಕಿಟಕಿಯಾಚೆ ಏನು ನೋಡ್ತಾ ಕೂತ್ರಿ? ನನ್ನ ಕಾರಾ? ಹೂಂ, ನಂದೇ. ಓ... ಮೂರನೇ ಮಹಡಿಯಿಂದ ಟೈರಿನ ಮೇಲಿನ ಅಕ್ಷರ ಓದ್ತಿದ್ದೀರಾ? ಕಣ್ಣು ಇಷ್ಟು ಚುರುಕು ಅಂತ ಆವತ್ತು ಲಾರಿಗೆ ಗೊತ್ತಿರ್ಲಿಲ್ಲ ಪಾಪ. ಬೇರೆ ಕಂಪನೀದು, ಹೌದು. ಅದಕ್ಕೇನೀಗ? ನನ್ನ ಕಾರಿನ ಅಳತೆಗೆ ಆ ಟೈರು ಬರಲ್ಲ.

...ಬರುತ್ತೆ. ಸರಿ, ಬರುತ್ತೆ. ನಮ್ಮಿಬ್ಬರದೂ ಒಂದೇ ಕಾರು, ನಂಗೆ ಗೊತ್ತಿಲ್ವಾ? ಮೊದ್ಲು ಅದನ್ನೇ ಹಾಕಿಸಿದ್ದೆ. ಆಮೇಲೆ ತೆಗೆಸಿದೆ. ಜನ ತೆಗೆಸಲ್ವಾ? ಶಬ್ದ ಜಾಸ್ತಿ ಅನ್ನಿಸ್ತು, ತೆಗೆಸಿದೆ.

ಜೇಬಲ್ಲಿ ಏನದು? ಬಂದಾಗಿನಿಂದ ನೋಡ್ತಿದ್ದೀನಿ, ಕೈ ಅಲ್ಲೇ ಇದೆ. ತೆಗೀರಿ. ಓಹೋ. ಮಡಚಿ ಮಡಚಿ ಇಟ್ಕೊಂಡು ಬಂದಿದ್ದೀರಿ. ಅಂಕಿಗಳ ಸಾಲು ಇಲ್ಲಿಗೇ ಕಾಣ್ತಿದೆ. ನಂದೇ ಲೇಖನ ಕತ್ತರಿಸ್ಕೊಂಡು ನನ್ನ ಮುಂದೇನೇ ಹಿಡಿಯೋಕೆ ಬಂದ್ರಾ? ಸಹಿ ಹಾಕೋಕೆ ಬರ್ತೀನಿ ಅಂತ ಅಮ್ಮಂಗೆ ಫೋನ್ ಮಾಡಿ, ಮೊದಲು ಇದೊಂದು ಇತ್ಯರ್ಥ ಆಗ್ಲಿ ಅಂತಾನಾ? ಬಾಯಿ ಬಿಡದ ಮನುಷ್ಯ ಅಂದ್ಕೊಂಡಿದ್ದೆ. ಒಳ್ಳೇ ಆಸಾಮಿ ನೀವು.

ಯಾರು ಹೇಳಿದ್ರು ನಿಮಗೆ? ಟೇಪು ಹಿಡಿಯೋನಾ? ಅವನನ್ನ ಕೆಲಸದಿಂದ ತೆಗೆದಿದ್ದಕ್ಕೆ ಊರೆಲ್ಲ ಸಾರ್ಕೊಂಡು ಬರ್ತಿದ್ದಾನೆ. ಸರಿ, ಕೇಳಿ ಹಾಗಾದ್ರೆ. ಆ ಟೈರಿನ ಪರೀಕ್ಷೆ ದಿನ ಟ್ಯಾಂಕರ್ ಬರ್ಲಿಲ್ಲ. ಪಂಪು ಕೆಟ್ಟಿತ್ತಂತೆ. ಎರಡು ಗಂಟೆ ಬಿಸಿಲಲ್ಲಿ ಕಾದ್ವಿ. ಮಾರನೇ ದಿನ ಲೇಖನ ಅಚ್ಚಿಗೆ ಹೋಗಬೇಕು. ಎಲ್ಲ ಕೋಷ್ಟಕ ತುಂಬಿದೆ, ನೀರಿಂದು ಒಂದು ಮನೆ ಮಾತ್ರ ಖಾಲಿ. ಹೋದ ವರ್ಷ ಅದೇ ಹೆಸರಿನ ಟೈರು ನಾನೇ ಪರೀಕ್ಷೆ ಮಾಡಿದ್ದೆ, ಮೂವತ್ತಾರು ಬಂದಿತ್ತು. ಅದನ್ನೇ ಹಾಕ್ದೆ. ಈ ಕೆಲಸ ಮಾಡೋರೆಲ್ಲ ಒಂದಲ್ಲ ಒಂದು ಸಲ ಮಾಡ್ತಾರೆ ಇದನ್ನ! ಕಂಪನಿಯವರು ಒಳಗೊಳಗೇ ರಬ್ಬರು ಬದಲಾಯಿಸಿದ್ದಾರೆ ಅಂತ ನಂಗೇನು ಕನಸು ಬಿದ್ದಿತ್ತಾ? ಗಟ್ಟಿ ರಬ್ಬರು ಹಾಕಿದ್ರು, ಬೇಗ ಸವೆಯಬಾರದು ಅಂತ. ಗಟ್ಟಿ ರಬ್ಬರಿಗೆ ನೀರಲ್ಲಿ ಹಿಡಿತ ಇರಲ್ಲ.

ನಾನು ಬೇಕು ಅಂತ ಮಾಡಿದ್ದಲ್ಲ ಭಾವ. ಬೇಕು ಅಂತ ಮಾಡಿದ್ರೆ ನನ್ನ ಕಾರಿಗೇ ಹಾಕಿಸ್ತಿದ್ನಾ? ಜೂನ್‌ನಲ್ಲಿ ಮೊದಲ ಮಳೆ ಬಂತು. ಸಿಗ್ನಲ್ ಹತ್ತಿರ ಬ್ರೇಕ್ ತುಳಿದೆ, ಕಾರು ಜಾರಿ ದಾರಿ ದಾಟೋರ ಮಧ್ಯಕ್ಕೇ ಹೋಗಿ ನಿಂತಿತು. ಒಬ್ಬ ಹೆಂಗಸು ಬಾನೆಟ್ ಮೇಲೆ ಎರಡೂ ಕೈ ಊರಿ ನಿಂತು ಬೈದ್ಳು. ಮಾರನೇ ದಿನ ನಾನೊಬ್ಬನೇ ಹೋಗಿ ಅಳೆದೆ. ಐವತ್ತನಾಲ್ಕು. ಐದು ಸಲ ತುಳಿದೆ, ಐವತ್ತರ ಒಳಗೆ ಒಂದ್ಸಲನೂ ಬರ್ಲಿಲ್ಲ. ಸಂಜೆನೇ ನಾಲ್ಕೂ ಟೈರು ತೆಗೆಸಿದೆ.

ಹೌದು, ಜೂನ್. ಅಕ್ಕ ಹೋಗಿದ್ದು ಆಗಸ್ಟಲ್ಲಿ. ಲೆಕ್ಕ ನಂಗೂ ಬರುತ್ತೆ, ಬೆರಳು ಮಡಚಬೇಡಿ.

ಫೋನ್ ಮಾಡಿದ್ದೆ ಅವಳಿಗೆ. ಟೈರು ಬದಲಾಯಿಸ್ಬಿಡಿ ಅಂತ ಹೇಳೋಕೇ ಮಾಡಿದ್ದು. ಅವಳು ಎತ್ತಿದವಳೇ, ನಿನ್ನ ಟೈರು ತುಂಬ ಚೆನ್ನಾಗಿದೆ ಕಣೋ, ನಮ್ಮ ಬೀದಿಯವರಿಗೆಲ್ಲ ಹೇಳಿದ್ದೀನಿ, ನನ್ನ ತಮ್ಮ ನೋಡಿ ಬರೆದಿದ್ದು ಅಂತ, ಅಂದ್ಳು. ಅಮ್ಮನ ಮೊಣಕಾಲು ನೋವಿನ ಬಗ್ಗೆ ಏನೋ ಮಾತಾಡಿ ಇಟ್ಬಿಟ್ಟೆ. ಆ ಭಾನುವಾರ ಮನೆಗೆ ಬಂದಾಗ ಹೇಳೋಣ ಅಂದ್ಕೊಂಡೆ. ಆಮೇಲಿನ ಭಾನುವಾರನೂ ಅಂದ್ಕೊಂಡೆ. ಹೇಳಿದ್ರೆ ಎಲ್ಲ ಹೇಳಬೇಕಾಗ್ತಿತ್ತಲ್ಲ. ಹದಿನಾಲ್ಕು ವರ್ಷದ ಹೆಸರು...

ಹಾಗಂತ ನಿಮ್ಮದೇನೂ ತಪ್ಪಿಲ್ಲ ಅಂದ್ಕೋಬೇಡಿ! ಮಳೇಲಿ ಎಪ್ಪತ್ತು ಕಮ್ಮಿನಾ? ಕಮ್ಮಿನಾ ಹೇಳಿ? ಐವತ್ತರಲ್ಲಿ ಹೋಗಿದ್ರೆ...

ಹೂಂ. ಎಪ್ಪತ್ತೇ. ಎಪ್ಪತ್ತರಲ್ಲೇ ಇದ್ರಿ ನೀವು.

ಆ ಲೇಖನ ಇನ್ನು ಒಳಗಿಡಿ ಭಾವ. ಇಟ್ಕೊಂಡು ಏನು ಮಾಡ್ತೀರಿ? ಕೊಡಿ ಇಲ್ಲಿ. ನಂಗೇ ಕೊಡ್ತಿದ್ದೀರಾ? ಸರಿ, ಕೊಡಿ...

ಇದು... ಇದೇನಿದು? ಬಲಗಣ್ಣು, ಎಡಗಣ್ಣು. ಇದು ನಿಮ್ಮ ಅಂಗಡಿ ಚೀಟಿ. ಪುಟ್ಟಿದು. ಹೋದ ಭಾನುವಾರ ಇಲ್ಲಿಗೆ ಬಂದಾಗ ನೀವೇ ಕಣ್ಣು ಪರೀಕ್ಷೆ ಮಾಡಿದ್ದಾ? ಕೆಳಗೆ ನಿಮ್ಮ ಕೈಬರಹ. ಬೋರ್ಡ್ ಮೇಲಿನ ಅಕ್ಷರ ಕಾಣ್ತಿಲ್ಲ, ಮುಂದಿನ ಬೆಂಚಲ್ಲಿ ಕೂರಿಸೋಕೆ ಹೇಳಿ, ಆರು ತಿಂಗಳಿಗೊಮ್ಮೆ ತಪ್ಪದೆ ತೋರಿಸಿ, ನನ್ನ ಅಂಗಡಿಗೇ ಬರಬೇಕು ಅಂತೇನಿಲ್ಲ.

ನೀವು ಇದನ್ನ ಕೊಟ್ಟು ಸಹಿ ಹಾಕಿ ಹೋಗೋಕೆ ಬಂದಿದ್ದಾ?

ಟ್ಯಾಂಕರ್ ವಿಷಯ... ನಿಮಗೆ ಯಾರೂ ಹೇಳಿರ್ಲಿಲ್ಲ.

ಎಲ್ಲಿಗೆ ಎದ್ರಿ? ಭಾವ, ಕೂತ್ಕೊಳ್ಳಿ. ಪುಟ್ಟಿ ಒಳಗೆ ಅಮ್ಮನ ಹತ್ತಿರ ಮಲಗಿದ್ದಾಳೆ, ಎಬ್ಬಿಸಬೇಡಿ. ಭಾವ... ಬೈರಿ ಬೇಕಾದ್ರೆ. ಒಂದೇಟು ಹೊಡೀರಿ. ಏನಾದ್ರೂ ಒಂದು ಮಾತಾಡಿ.

ಅಮ್ಮಂಗೆ ಮಾತ್ರ ಹೇಳ್ಬೇಡಿ.