ಶಾಲಿನ ಬಣ್ಣ

ಸನ್ಮಾನದ ಶಾಲು ಕೆಂಪಿರಬೇಕೋ ಹಸಿರಿರಬೇಕೋ ಎಂಬ ಘನಗಂಭೀರ ಪ್ರಶ್ನೆಯೊಂದು ಸಿಂಧನೂರು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಇತ್ಯರ್ಥಕ್ಕೆ ಬಂದಿತ್ತು. ಲಿಂಗಸುಗೂರು ಬಸ್ಸಿಗೆ ಕಾಯುತ್ತಿದ್ದ ನಿವೃತ್ತ ಮಾಸ್ತರ ಯಂಕೋಬ ಪತ್ರಿಕೆ ಓದುವುದನ್ನು ಬಿಟ್ಟು, ಬರೀ ಹಿಡಿದುಕೊಂಡು ಕುಳಿತರು. ಎರಡು ಶಾಲು ಹರವಿದ್ದವಳು ಹೊಲಿಗೆ ತರಬೇತಿ ಕೇಂದ್ರ ನಡೆಸುವ ಭಾರತಿ. ಅಲ್ಲಿ ಮೂರು ಭಾನುವಾರ ಕಸೂತಿ ಕಲಿಸಿದ್ದ ಮಸ್ಕಿಯ ಪೀರ್‌ಬೀ ಅವನ್ನು ಮುಟ್ಟಲೂ ಇಲ್ಲ.

“ಯಾವ್ದೂ ಬ್ಯಾಡವ್ವ. ಮನ್ಯಾಗ ಹನ್ನೊಂದು ಶಾಲು ಅದಾವ. ಮಸ್ಕಿ ಬಿಸಿಲಾಗ ಹೊದ್ಕೊಂಡ್ರ ಮಂದಿ ಜ್ವರಾ ಬಂದಾವೇನು ಅಂತಾರ.”

“ರೊಕ್ಕ ಕೊಟ್ರ ನಿಮ್ಗ ಅವಮಾನ ಆಗ್ತೈತೇನೋ ಅಂತ, ಅಕ್ಕಾ…”

“ಆಗ್ಲಿ ಬಿಡು, ತಡ್ಕೊಂತೀನಿ. ಮಷೀನ್ ರಿಪೇರಿ ಮಾಡೋ ಆಸೀಮಗ ಎಷ್ಟು ಶಾಲು ಹೊದಿಸಿದಿ?”

“ಅಂವಗ್ಯಾಕ? ಅಂವ ರೊಕ್ಕದ ಮಾತು ಮುಗದ ಮ್ಯಾಲೇ ಡಬ್ಬಿ ಬಿಚ್ಚತಾನ.”

“ನಾ ನನ್ನ ಸೂಜಿ ಡಬ್ಬಿ ಮೊದ್ಲ ಬಿಚ್ಚಿಬಿಟ್ಟೆ. ತಪ್ಪು ನಂದ. ಬರೋ ಐತವಾರ ಬಿಚ್ಚಂಗಿಲ್ಲ.”

“ಇಪ್ಪತ್ತು ಹುಡುಗ್ಯಾರು ಫೀಜು ಕಟ್ಟ್ಯಾರ ಅಕ್ಕಾ. ನೀವು ಬರ್ಲಿಲ್ಲಂದ್ರ ನಾ ಅವ್ರಿಗೆ ಏನ್ ತೋರಿಸ್ಲಿ?”

“ಶಾಲು ತೋರ್ಸು.”

ಭಾರತಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಶಾಲು ಸರಿಸಿ ಫೋನು ತೆಗೆದಳು.

“ಫೀಜಿನಾಗ ಅರ್ಧ ನಿಮ್ದು. ಆಗಿಹೋದ ಮೂರು ವಾರದ್ದೂ ಸೇರಿ. ಬಸ್ ಚಾರ್ಜು ಬ್ಯಾರೆ.”

“ಬಸ್ಸು ಹೆಣ್ಮಕ್ಕಳಿಗೆ ಫ್ರೀ ಐತಿ. ಅದನ್ನ ಬಿಡು.”

ಪೀರ್‌ಬೀಯ ಫೋನು ರೊಕ್ಕ ಬಂತೆಂದು ಸದ್ದು ಮಾಡಿತು. ಮಸ್ಕಿ ಬಸ್ಸು ಬಂತು, ಅವಳು ಹತ್ತಿದಳು. ಭಾರತಿ ಎರಡೂ ಶಾಲು ಮಡಿಚಿ, ಅಂಗಡಿಗೆ ವಾಪಸು ಕೊಡಲು ನಡೆದಳು. ಬಣ್ಣ ಇತ್ಯರ್ಥವಾಗಲಿಲ್ಲ.