ಬೋರಲಾಗಿಟ್ಟ ಬಿಸ್ಕತ್ತು

ಈ ಬೀಳ್ಕೊಡುಗೆ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಬಿಸ್ಕತ್ತು ಕಾರ್ಖಾನೆಯ ಮಾಲೀಕರೇ, ಅವರ ಪಕ್ಕದಲ್ಲಿ ಕೂತು ಆಗಲೇ ಗಡಿಯಾರ ನೋಡಿಕೊಳ್ಳುತ್ತಿರುವ ಪ್ರೊಡಕ್ಷನ್ ಸಾಹೇಬರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಬೆಣ್ಣೆ ಸರಬರಾಜಿನ ಯಜಮಾನರೇ, ಇವತ್ತಿನ ಸಮಾರಂಭ ತಮ್ಮದೇ ಆಗಿದ್ದರೂ ಮೂಲೆಯ ಕುರ್ಚಿಯನ್ನೇ ಹುಡುಕಿ ಕೂತಿರುವ ನಮ್ಮ ದೊಡ್ಡಕ್ಕನವರೇ, ಮಿಕ್ಸಿಂಗ್, ಓವನ್, ಪ್ಯಾಕಿಂಗ್ ವಿಭಾಗಗಳ ಅಣ್ಣಂದಿರೇ, ಅಕ್ಕಂದಿರೇ, ಮುಂದಿನ ಸಾಲಿನಲ್ಲಿ ಕಾಲಾಡಿಸುತ್ತಾ ಕೂತಿರುವ ನನ್ನ ಮಗಳು ಬಟಾಣಿಯೂ ಸೇರಿದಂತೆ ಎಲ್ಲ ಸಭಿಕರೇ,

ಮೊದಲೇ ಹೇಳಿಬಿಡುತ್ತೇನೆ, ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ನಮ್ಮ ರುಚಿ ನೋಡುವ ಮೇಜಿನಲ್ಲಿ ಮಾತಾಡುವಂತೆಯೇ ಇಲ್ಲ. ಬಾಯಿ ಇರುವುದು ಅಗಿಯಲು ಎಂದು ದೊಡ್ಡಕ್ಕ ನಮಗೆ ಕಲಿಸಿದ್ದಾರೆ. ಅಂಥ ಮೇಜಿನವಳ ಕೈಗೆ ಮೈಕು ಕೊಟ್ಟಿದ್ದೀರಿ. ಚಹಾ ಆರುವುದರೊಳಗೆ ಮುಗಿಸಬೇಕೆಂದು ಪ್ರೊಡಕ್ಷನ್ ಸಾಹೇಬರು ಕಿವಿಯಲ್ಲಿ ಹೇಳಿ ಕಳಿಸಿದ್ದಾರೆ. ಮುಗಿಸುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ, ನೋಡೋಣ.

ಈಗಷ್ಟೇ ಮಾಲೀಕರು ಒಂದು ಘೋಷಣೆ ಮಾಡಿದರು. ನಾಳೆಯಿಂದ ರುಚಿ ಮೇಜಿನ ಮುಖ್ಯಸ್ಥರ ಕುರ್ಚಿಯಲ್ಲಿ, ನಿವೃತ್ತರಾಗುವ ದೊಡ್ಡಕ್ಕನ ಬದಲು ನಾನು ಕೂರಬೇಕಂತೆ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ, ಆಮೇಲೆ ನನಗೇ ತಟ್ಟಿಕೊಳ್ಳುತ್ತಿದ್ದೇನೆ ಎಂದು ಗೊತ್ತಾಗಿ ನಿಲ್ಲಿಸಿದೆ. ಆ ಕುರ್ಚಿಯ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ದೊಡ್ಡಕ್ಕನ ಗುಣಗಾನ.

ನಮ್ಮ ಮೇಜಿನ ಕೆಲಸ ಹೇಗೆ ನಡೆಯುತ್ತದೆಂದು ಪ್ಯಾಕಿಂಗಿನವರಿಗೆ ಗೊತ್ತಿರಲಿಕ್ಕಿಲ್ಲ. ಪ್ರತಿ ಬ್ಯಾಚಿನಿಂದ ನಮಗೆ ತಲೆಗೊಂದು ಬಿಸ್ಕತ್ತು ಬರುತ್ತದೆ. ಕಣ್ಣಿಂದ ನೋಡಬೇಕು, ಮುರಿದು ಸದ್ದು ಕೇಳಬೇಕು, ಮೂಸಬೇಕು, ಒಂದು ಚೂರು ತಿನ್ನಬೇಕು. ಚೆನ್ನಾಗಿದ್ದರೆ ಉಳಿದದ್ದನ್ನು ತಟ್ಟೆಯಲ್ಲಿ ಮುಖ ಮೇಲಾಗಿ ಇಡುವುದು. ಇಲ್ಲದಿದ್ದರೆ ಬೋರಲಾಗಿ ಇಡುವುದು. ಅಷ್ಟೇ, ಮಾತಿಲ್ಲ ಕತೆಯಿಲ್ಲ. ಒಬ್ಬರು ಬೋರಲಾಗಿಟ್ಟರೂ ಸಾಕು, ಬ್ಯಾಚು ನಿಲ್ಲಬೇಕು. ಯಾಕೆ ಎಂದು ಪಕ್ಕದವರು ಕೇಳುವಂತಿಲ್ಲ. ಇನ್ನೊಬ್ಬರ ನಾಲಿಗೆಗೆ ಎದುರು ಮಾತಾಡಬಾರದು ಎಂಬುದು ದೊಡ್ಡಕ್ಕ ಹಾಕಿಕೊಟ್ಟ ನಿಯಮ. ಈ ನಿಯಮ ನಮ್ಮ ಮನೆಗಳಲ್ಲಿ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಇನ್ನೊಂದು ನಿಯಮವಿತ್ತು. ಬೇರೆ ಕಾರ್ಖಾನೆಗಳಲ್ಲಿ ರುಚಿ ನೋಡಿ ಉಗಿಯುತ್ತಾರಂತೆ. ನಮ್ಮಲ್ಲಿ ಉಗಿಯುವಂತಿರಲಿಲ್ಲ. "ದುಡ್ಡು ಕೊಟ್ಟು ಮನೆಗೆ ಒಯ್ಯೋನು ಉಗೀತಾನೇನೇ? ಗಂಟಲಲ್ಲಿ ಇಳಿದಾಗ ಏನನ್ಸುತ್ತೆ ಅನ್ನೋದೂ ರುಚೀನೇ" ಎನ್ನುತ್ತಿದ್ದರು ದೊಡ್ಡಕ್ಕ. ಹಾಗಾಗಿ ನಾವೆಲ್ಲ ನುಂಗುತ್ತಿದ್ದೆವು. ನಾವು ಯಾಕೆ ಹೀಗಿದ್ದೇವೆ ಎಂದು ನಮ್ಮನ್ನು ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ.

ಅಂಥ ಮೇಜಿನ ಮೇಲೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಎಲ್ಲರ ಮುಂದೂ ಒಂದೊಂದು ಸ್ಟೀಲ್ ಮಗ್ಗು ಬಂತು. "ಇವತ್ತಿಂದ ಎಲ್ರೂ ಉಗೀಬೇಕು. ನಂಗೆ ಸಕ್ಕರೆ ಕಾಯಿಲೆ ಬರೋ ವಯಸ್ಸು" ಎಂದರು ದೊಡ್ಡಕ್ಕ. ಅವರಿಗೆ ಬರುವ ಕಾಯಿಲೆಗೆ ನಾವೇಕೆ ಉಗಿಯಬೇಕು ಎಂದು ಮೇಜಿನವರೆಲ್ಲ ಗೊಣಗಿದರು. ಇವತ್ತಿಗೂ ಗೊಣಗುತ್ತಿದ್ದಾರೆ. ಆ ಮಗ್ಗು ಬಂದದ್ದು ಯಾರಿಗಾಗಿ ಎಂದು ಈ ಸಭೆಯಲ್ಲಿ ಯಾರಿಗಾದರೂ ಗೊತ್ತಿದೆಯೇ? ಗೊತ್ತಿಲ್ಲ. ಅದು ಬಂದದ್ದು ನನಗಾಗಿ. ಇದನ್ನು ಹೇಳಬೇಕಾದರೆ ಸ್ವಲ್ಪ ನನ್ನ ವಿಷಯವನ್ನೂ ಹೇಳಬೇಕಾಗುತ್ತದೆ. ಸ್ವಲ್ಪವೇ. ಬಾಗಿಲ ಬಳಿ ನಿಂತಿರುವ ನನ್ನ ಯಜಮಾನರು ಬೇಡ ಬೇಡ ಎಂದು ಕೈ ಮಾಡುತ್ತಿದ್ದಾರೆ. ಅವರು ಲಿಫ್ಟ್ ರಿಪೇರಿಯವರು, ಯಾವುದನ್ನು ಎಲ್ಲಿ ನಿಲ್ಲಿಸಬೇಕೆಂದು ಅವರಿಗೆ ಗೊತ್ತು. ನನಗೆ ಗೊತ್ತಿಲ್ಲ.

ಬಟಾಣಿ ಹುಟ್ಟಿದ್ದು ನಾವು ಕೇಳಿಕೊಳ್ಳದೆಯೇ. ಮದುವೆಯಾದ ಹೊಸತು, ಬಾಡಿಗೆ ಮನೆಯ ಗೋಡೆಗೆ ಇನ್ನೂ ಮೊಳೆ ಹೊಡೆದಿರಲಿಲ್ಲ, ಅಷ್ಟರಲ್ಲಿ ಬಂದಳು. ಹಾಗಾಗಿ ಎರಡನೆಯದೂ ಹಾಗೇ, ಕರೆದರೆ ಬರುತ್ತದೆ ಎಂದು ತಿಳಿದಿದ್ದೆವು. ಅವಳು ಶಾಲೆಗೆ ಸೇರಿದ ಮೇಲೆ ಕರೆದೆವು. ಬರಲಿಲ್ಲ. ಮತ್ತೆ ಕರೆದೆವು. ತಿಂಗಳ ಲೆಕ್ಕ ತಪ್ಪುತ್ತಾ ಹೋಯಿತು, ತೂಕ ಏರುತ್ತಾ ಹೋಯಿತು, ಗಲ್ಲದ ಮೇಲೆ ಕೂದಲು ಬರತೊಡಗಿತು. ಪ್ಯಾಕಿಂಗಿನ ಅಕ್ಕಂದಿರೇ, ನಾನು ಕನ್ನಡಿ ಮುಂದೆ ಚಿಮಟ ಹಿಡಿದು ನಿಲ್ಲುವುದು ಹುಬ್ಬಿಗಾಗಿ ಅಲ್ಲ. ಇದನ್ನೂ ಹೇಳಬೇಕೆಂದುಕೊಂಡಿರಲಿಲ್ಲ, ಹೇಳಿಯಾಯಿತು.

ಡಾಕ್ಟರಮ್ಮ ಸ್ಕ್ಯಾನ್ ಮಾಡಿ, "ಪಿಸಿಒಎಸ್ ಅಮ್ಮಾ. ಗಾಬರಿ ಬೀಳ್ಬೇಡಿ, ತುಂಬಾ ಜನಕ್ಕೆ ಇರುತ್ತೆ. ಅಂಡಾಶಯದಿಂದ ಮೊಟ್ಟೆ ಸರಿಯಾದ ಹೊತ್ತಿಗೆ ಹೊರಗೆ ಬರ್ತಾ ಇಲ್ಲ. ಮಾತ್ರೆ ಕೊಡ್ತೀನಿ. ತೂಕ ಸ್ವಲ್ಪ ಇಳಿಸಿ, ನಡೀರಿ, ಸಿಹಿ ಕಮ್ಮಿ ಮಾಡಿ. ಏನ್ ಕೆಲ್ಸ ನಿಮ್ದು?" ಎಂದು ಕೇಳಿದರು.

"ಬಿಸ್ಕತ್ತು ತಿನ್ನೋದು" ಎಂದೆ.

"ಅದು ಎಲ್ರೂ ತಿಂತಾರೆ. ಕೆಲ್ಸ ಏನು ಅಂತ ಕೇಳಿದ್ದು."

"ಅದೇ ಕೆಲ್ಸ ಡಾಕ್ಟ್ರೇ. ಸಂಬಳ ಕೊಡ್ತಾರೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕನ್ನಡಕ ತೆಗೆದರು. ಅವರ ಇಷ್ಟು ವರ್ಷದ ಅನುಭವದಲ್ಲಿ ಇಂಥ ಕೇಸು ಬಂದಿರಲಿಲ್ಲವಂತೆ.

ನಾನು ಬಂದು ಹೇಳಿದ್ದು ದೊಡ್ಡಕ್ಕನಿಗೆ ಒಬ್ಬರಿಗೇ. ಈ ಕೆಲಸ ಬಿಟ್ಟುಬಿಡುತ್ತೇನೆ ಅಕ್ಕಾ ಎಂದೆ. ಮರುದಿನ ಮಗ್ಗುಗಳು ಬಂದವು. ನನ್ನೊಬ್ಬಳ ಮುಂದೆ ಮಗ್ಗು ಇಟ್ಟಿದ್ದರೆ ಎಲ್ಲರೂ ಕೇಳುತ್ತಿದ್ದರು, ಅಲ್ಲವೇ? ಎಲ್ಲರ ಮುಂದೂ ಇಟ್ಟರು. ಅಷ್ಟು ವರ್ಷ ತಾವೇ ಕಾಪಾಡಿಕೊಂಡು ಬಂದ ನಿಯಮವನ್ನು ತಾವೇ ಮುರಿದರು, ಬೈಗುಳವನ್ನೂ ತಾವೇ ತಿಂದರು. ಅವತ್ತಿನಿಂದ ಅವರು ತಿಂದು ಉಗಿಯದೆ ಇದ್ದದ್ದು ಅದೊಂದನ್ನೇ.

ಇನ್ನು ನಡಿಗೆ. ನಮ್ಮ ಮನೆ ಮೇಲಿನ ಅಂತಸ್ತಿನಲ್ಲಿದೆ. ಯಜಮಾನರು ನನ್ನ ಜೊತೆ ದಿನವೂ ಮೆಟ್ಟಿಲು ಹತ್ತತೊಡಗಿದರು. ಕಟ್ಟಡದ ಲಿಫ್ಟ್ ನೋಡಿಕೊಳ್ಳುವವರೂ ಅವರೇ. ರಿಪೇರಿಯವನೇ ಲಿಫ್ಟ್ ಹತ್ತುತ್ತಿಲ್ಲ ಎಂದರೆ ಅದರಲ್ಲಿ ಏನೋ ದೋಷ ಇರಬೇಕು ಎಂದು ನೆರೆಮನೆಯವರೂ ಮೆಟ್ಟಿಲು ಹಿಡಿದರು. ನನ್ನ ದೆಸೆಯಿಂದ ಇಡೀ ಕಟ್ಟಡ ತೆಳ್ಳಗಾಯಿತು. ನಾನೊಬ್ಬಳು ಬಿಟ್ಟು.

ನಗಬಹುದು, ನಗಿ. ಆದರೆ ಒಂದು ಮಾತು ಹೇಳುತ್ತೇನೆ. ಒಂದೂ ಇಲ್ಲದವರು ಅತ್ತರೆ ಸುತ್ತ ನಾಲ್ಕು ಜನ ಕೂರುತ್ತಾರೆ. ಒಂದು ಇರುವವಳು ಅತ್ತರೆ ಏನನ್ನುತ್ತಾರೆ? "ಒಂದಿದೆಯಲ್ಲ, ಇನ್ನೇನು ಬೇಕು" ಎನ್ನುತ್ತಾರೆ. ಅದೇ ಬಾಯಿಯಲ್ಲಿ, "ಒಂದಕ್ಕೇ ನಿಲ್ಲಿಸಿಬಿಟ್ರಾ?" ಎಂದೂ ಕೇಳುತ್ತಾರೆ. ಎರಡಕ್ಕೂ ನಾನು ನಕ್ಕೇ ಉತ್ತರ ಕೊಟ್ಟೆ. ಮಾತ್ರೆ ನುಂಗಿದೆ, ಕಾದೆ, ಮತ್ತೆ ಸ್ಕ್ಯಾನಿಗೆ ಹೋದೆ, ಮತ್ತೆ ಕಾದೆ. ಲೆಕ್ಕ ತಪ್ಪಿದಾಗಲೆಲ್ಲ ಆಸೆಯಿಂದ ಟೆಸ್ಟ್ ಕಡ್ಡಿ ತಂದೆ. ಒಂದೇ ಗೆರೆ. ಕೊನೆಗೆ ಕಡ್ಡಿ ತರುವುದನ್ನೇ ಬಿಟ್ಟೆ, ಯಾಕೆಂದರೆ ಆ ಒಂದು ಗೆರೆಯನ್ನು ನೋಡುವ ಶಕ್ತಿ ನನಗೆ ಉಳಿದಿರಲಿಲ್ಲ. ನನಗೆ ಆ ಮಗು ಬೇಕಿತ್ತು. ತುಂಬಾ ಬೇಕಿತ್ತು. ಬಟಾಣಿ ಒಂದು ಸಲ ತನ್ನ ಟೀಚರಿಗೆ, "ನಮ್ಮಮ್ಮನ ಹೊಟ್ಟೆ ರಜೆ ಹಾಕಿದೆ" ಎಂದು ಹೇಳಿ ಬಂದಿದ್ದಳು. ಅವಳಪ್ಪ ಅವಳಿಗೆ ವಿವರಿಸಿದ್ದು ಹಾಗೆ. ಅದಕ್ಕಿಂತ ಚೆನ್ನಾಗಿ ಡಾಕ್ಟರಮ್ಮನೂ ವಿವರಿಸಿರಲಿಲ್ಲ.

ನಾನು ದೊಡ್ಡಕ್ಕನ ಬಗ್ಗೆ ಹೇಳುತ್ತಿದ್ದೆ. ಅಲ್ಲಿಗೇ ಬರುತ್ತೇನೆ.

ಹೋದ ತಿಂಗಳಿನ ಹಿಂದಿನ ತಿಂಗಳು ನಿಂತುಹೋದ ಬೆಣ್ಣೆ ಬಿಸ್ಕತ್ತಿನ ಬ್ಯಾಚು ನಿಮಗೆಲ್ಲ ನೆನಪಿದೆ. ಹೇಗೆ ಮರೆಯುತ್ತೀರಿ, ಅಷ್ಟನ್ನೂ ನೀವೇ ಚೀಲ ಚೀಲ ಮನೆಗೆ ಒಯ್ದು ತಿಂದಿರಿ. ಚೆನ್ನಾಗಿಯೇ ಇತ್ತಲ್ಲ, ಇದನ್ನು ಯಾಕೆ ನಿಲ್ಲಿಸಿದರು ಎಂದು ಓವನ್ನಿನ ಅಣ್ಣಂದಿರು ಇವತ್ತಿಗೂ ಕೇಳುತ್ತಾರೆ. ಆ ಬೆಳಿಗ್ಗೆ ನಾನು ಬಿಸ್ಕತ್ತು ಮುರಿದು ಮೂಸಿದೆ. ತಿಂಗಳುಗಟ್ಟಲೆ ಮುಚ್ಚಿಟ್ಟ ಕಪಾಟಿನ ವಾಸನೆ ಬಂತು. ಬೆಣ್ಣೆ ಕೆಟ್ಟಿದೆ ಎಂದುಕೊಂಡು ಬೋರಲಾಗಿಟ್ಟೆ. ಸುತ್ತ ನೋಡಿದರೆ ಉಳಿದವರೆಲ್ಲ ಮುಖ ಮೇಲಾಗಿಯೇ ಇಟ್ಟಿದ್ದಾರೆ. ದೊಡ್ಡಕ್ಕ ಮಾತ್ರ ಇನ್ನೂ ಕೈಯಲ್ಲೇ ಹಿಡಿದಿದ್ದರು. ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು, ಆಮೇಲೆ ತಮ್ಮದನ್ನೂ ಬೋರಲಾಗಿಟ್ಟರು.

ಲೈನು ನಿಂತಿತು. ಪ್ರೊಡಕ್ಷನ್ ಸಾಹೇಬರು ಓಡಿ ಬಂದರು. ಬೆಣ್ಣೆಯ ಯಜಮಾನರು ಬೆವರು ಒರೆಸಿಕೊಳ್ಳುತ್ತಾ ಹೊಸ ಡಬ್ಬ ಒಡೆದು ನನ್ನ ಮೂಗಿನ ಕೆಳಗೇ ಹಿಡಿದರು. ಅದೂ ಕೆಟ್ಟಿದೆ ಎಂದೆ. ಹಿಟ್ಟು ಮೂಸಿದೆ, ಕೆಟ್ಟಿದೆ. ಕ್ರೀಮ್ ಮೂಸಿದೆ, ಕೆಟ್ಟಿದೆ. ಸಾಹೇಬರು ಹತ್ತಿರ ಬಂದು ನಿಂತರು, ಅವರ ತಲೆಗೆಣ್ಣೆಯೂ ಕೆಟ್ಟಿತ್ತು. ಅದನ್ನು ಹೇಳಲಿಲ್ಲ. ದೊಡ್ಡಕ್ಕ ನನ್ನನ್ನು ಸ್ಟೋರ್ ರೂಮಿಗೆ ಕರೆದುಕೊಂಡು ಹೋಗಿ ಸಕ್ಕರೆ ಮೂಟೆಯ ಮೇಲೆ ಕೂರಿಸಿ ಒಂದು ಲೋಟ ನೀರು ಕೊಟ್ಟರು. ನಾನು ನೀರನ್ನೂ ಮೂಸಿ ಮುಖ ಹಿಂಡಿದೆ.

"ಬೆಣ್ಣೆ ಕೆಟ್ಟಿಲ್ಲ ಕಣೇ" ಎಂದರು ಅವರು. "ನೀರು ಯಾವತ್ತಾದ್ರೂ ಕೆಟ್ಟ ಬೆಣ್ಣೆ ವಾಸ್ನೆ ಬರುತ್ತೇನೇ? ಹೋಗು, ಟೆಸ್ಟ್ ಮಾಡ್ಕೋ."

"ಅಕ್ಕಾ, ನಂಗೆ ತಿಂಗಳು ತಪ್ಪೋದು ಹೊಸದಲ್ಲ."

"ತಿಂಗಳು ತಪ್ಪೋದು ಹೊಸದಲ್ಲ. ಮೂಗು ತಪ್ಪೋದು ಹೊಸದು. ಇಷ್ಟು ವರ್ಷ ಪಕ್ಕದಲ್ಲೇ ಕೂತಿದೀನಿ, ನಿನ್ನ ಮೂಗು ತಪ್ಪಿದ್ದು ನಾನು ನೋಡಿಲ್ಲ."

"ಮತ್ತೆ ಬೆಣ್ಣೆ ಚೆನ್ನಾಗಿದೆ ಅಂತ ಗೊತ್ತಿದ್ದೂ ನೀವ್ಯಾಕೆ ಬೋರಲಾಗಿಟ್ರಿ?"

"ನೀನೊಬ್ಳೇ ಇಟ್ಟಿದ್ರೆ ನಿನ್ನ ಮೂಗನ್ನ ಕೇಳ್ತಾರೆ. ಇಬ್ರು ಇಟ್ರೆ ಬೆಣ್ಣೇನ ಕೇಳ್ತಾರೆ."

ಇದನ್ನು ಮಾಲೀಕರ ಎದುರು ಹೇಳಬಾರದಿತ್ತು ಎಂದು ಈಗ ಹೊಳೆಯುತ್ತಿದೆ. ದೊಡ್ಡಕ್ಕ ತಲೆ ತಗ್ಗಿಸಿದ್ದಾರೆ. ಬೆಣ್ಣೆಯ ಯಜಮಾನರೇ, ತುಂಬಿದ ಸಭೆಯಲ್ಲಿ ಹೇಳುತ್ತಿದ್ದೇನೆ, ನಿಮ್ಮ ಬೆಣ್ಣೆ ಅಪ್ಪಟ ಚಿನ್ನ. ಅವತ್ತೂ ಚಿನ್ನವೇ ಆಗಿತ್ತು. ಮಾಲೀಕರೇ, ತಮ್ಮ ಇಡೀ ಸೇವೆಯಲ್ಲಿ ದೊಡ್ಡಕ್ಕ ಒಳ್ಳೆಯ ಬಿಸ್ಕತ್ತನ್ನು ಬೋರಲಾಗಿಟ್ಟದ್ದು ಅದೊಂದೇ ಸಲ. ಆ ನಷ್ಟವನ್ನು ದಯವಿಟ್ಟು ನನ್ನ ಹೊಟ್ಟೆಗೆ ಹಾಕಿಬಿಡಿ.

ಟೆಸ್ಟ್ ಮಾಡಿದೆ. ಎರಡು ಗೆರೆ. ನಂಬಿಕೆ ಬರದೆ ಕಡ್ಡಿಯನ್ನು ಕಿಟಕಿಯ ಬಳಿ ಒಯ್ದು ನೋಡಿದೆ, ಅಲ್ಲೂ ಎರಡೇ. ನನ್ನ ಯಜಮಾನರಿಗೆ ಹೇಳಿದಾಗ ಅವರು ಮೆಟ್ಟಿಲ ಮೇಲೇ ಕೂತುಬಿಟ್ಟರು. ಆಮೇಲೆ ಎದ್ದು, "ಇನ್ಮೇಲೆ ಲಿಫ್ಟಲ್ಲಿ ಹೋಗೋಣ" ಎಂದರು. ಸ್ಕ್ಯಾನಿನಲ್ಲಿ ಡಾಕ್ಟರಮ್ಮ ಎದೆಬಡಿತ ಕೇಳಿಸಿದರು. ಬಿಸ್ಕತ್ತಿನ ಸದ್ದು ಕೇಳಿ ಕೇಳಿ ಪಳಗಿದ ಕಿವಿ ನನ್ನದು, ಆದರೂ ಅಂಥ ಸದ್ದನ್ನು ಬಟಾಣಿಯ ನಂತರ ಕೇಳಿರಲಿಲ್ಲ. ಅಲ್ಲೇ ಅತ್ತುಬಿಟ್ಟೆ. ಮೊನ್ನೆಗೆ ಮೂರು ತಿಂಗಳು ತುಂಬಿತು, ಎಲ್ಲ ಸರಿಯಾಗಿದೆ ಎಂದರು. ಅಲ್ಲಿಯವರೆಗೆ ಬಾಯಿ ಬಿಡಬೇಡ ಎಂದು ದೊಡ್ಡಕ್ಕ ಹೇಳಿದ್ದರು. ಬಿಟ್ಟಿರಲಿಲ್ಲ.

ಬಟಾಣಿ, ಕುರ್ಚಿಯ ಮೇಲೆ ನಿಲ್ಲಬೇಡ. ಹೌದು, ನಿಜ. ತಮ್ಮನೋ ತಂಗಿಯೋ ಇನ್ನೂ ಗೊತ್ತಿಲ್ಲ. ಇವತ್ತು ಮನೆಯಲ್ಲಿ ಹೇಳಬೇಕೆಂದಿದ್ದೆವು. ಹೋಗು, ಅಪ್ಪನ ಹತ್ತಿರ ಹೋಗು, ಅಪ್ಪ ಅಳುತ್ತಿದ್ದಾರೆ.

ಸಭಿಕರೇ, ಈಗ ಕುರ್ಚಿಯ ವಿಷಯ. ನನ್ನ ಮೂಗು ಇವತ್ತಿಗೂ ಸರಿಹೋಗಿಲ್ಲ. ಎರಡು ತಿಂಗಳಿಂದ ದೊಡ್ಡಕ್ಕ ನನಗೆ ಮುರಿದು ಸದ್ದು ಕೇಳುವ ಕೆಲಸವನ್ನಷ್ಟೇ ಕೊಟ್ಟು, ನನ್ನ ಪಾಲಿನದನ್ನೂ ತಾವೇ ಮೂಸಿ ನೋಡುತ್ತಿದ್ದಾರೆ. ನಾಳೆ ಅವರು ಹೋಗಿ ಆ ಕುರ್ಚಿಯಲ್ಲಿ ನಾನು ಕೂತರೆ ಈ ಕಾರ್ಖಾನೆಯಿಂದ ಒಂದೇ ಒಂದು ಬಿಸ್ಕತ್ತೂ ಹೊರಗೆ ಹೋಗುವುದಿಲ್ಲ. ನೀವೆಲ್ಲ ತಿಂದು ದಪ್ಪಗಾಗುತ್ತೀರಿ, ಮಾಲೀಕರು ತೆಳ್ಳಗಾಗುತ್ತಾರೆ. ಮಾಲೀಕರೇ, ವಯಸ್ಸು ದಾಟಿದ ನಮ್ಮ ಬಾಯ್ಲರ್ ಅಣ್ಣನನ್ನು ನೀವು ಮುಂದುವರಿಸಿಲ್ಲವೇ? ನನ್ನ ಮೂಗು ಮರಳಿ ಬರುವವರೆಗೆ ಆ ಕುರ್ಚಿಯಲ್ಲಿ ದೊಡ್ಡಕ್ಕನೇ ಇರಲಿ. ಅವರಿಗೆ ಇಷ್ಟವಿದೆಯೇ ಎಂದು ನೀವು ಕೇಳಬಹುದು. ಮೊನ್ನೆ ಮಗ್ಗುಗಳನ್ನು ತೊಳೆಯುತ್ತಾ ತಮ್ಮಷ್ಟಕ್ಕೇ, "ಹೋಗು ಅಂತಿರೋದು ವಯಸ್ಸು, ನಾನಲ್ಲ" ಎಂದರು. ನನಗೆ ಮೂಗು ತಪ್ಪಿರಬಹುದು, ಕಿವಿ ಸರಿಯಾಗಿದೆ.

ಇಲ್ಲಿ ವೇದಿಕೆಯ ಮೇಲೆ ನಮ್ಮೆಲ್ಲರ ಮುಂದೆ ತಟ್ಟೆಗಳಿವೆ. ದೊಡ್ಡಕ್ಕನ ಬೀಳ್ಕೊಡುಗೆಗೆಂದೇ ಇವತ್ತು ಬೆಳಿಗ್ಗೆ ಬೇಯಿಸಿದ ವಿಶೇಷ ಬಿಸ್ಕತ್ತು ಇದು. ಬಣ್ಣ ಚೆನ್ನಾಗಿದೆ, ಸದ್ದು ಚೆನ್ನಾಗಿದೆ. ಆದರೂ ನೋಡಿ, ನನ್ನ ತಟ್ಟೆಯ ಬಿಸ್ಕತ್ತನ್ನು ಬೋರಲಾಗಿಡುತ್ತಿದ್ದೇನೆ. ಒಬ್ಬರು ಇಟ್ಟರೂ ಸಾಕು, ಈ ಬೀಳ್ಕೊಡುಗೆ ನಿಲ್ಲಬೇಕು. ಯಾಕೆ ಎಂದು ಯಾರೂ ಕೇಳುವಂತಿಲ್ಲ. ಇದು ದೊಡ್ಡಕ್ಕನೇ ಮಾಡಿದ ನಿಯಮ, ಅವರೂ ಮೀರುವಂತಿಲ್ಲ.

ಮಾಲೀಕರೂ ತಮ್ಮ ತಟ್ಟೆಯದನ್ನು ಬೋರಲಾಗಿಟ್ಟರು. ನೋಡಿದಿರಲ್ಲ, ಎಲ್ಲರೂ ನೋಡಿದಿರಿ. ಇಬ್ಬರಾದೆವು, ಇನ್ನು ಯಾರೂ ನನ್ನ ಮೂಗನ್ನು ಕೇಳುವುದಿಲ್ಲ.

ಚಹಾ ಆರಿಹೋಗಿದೆ, ಅದಕ್ಕೆ ಸಾಹೇಬರ ಕ್ಷಮೆ ಕೇಳುತ್ತೇನೆ. ಬೀಳ್ಕೊಡಲು ಬಂದು, ಬೀಳ್ಕೊಡದೆ ಮನೆಗೆ ಹೊರಟಿರುವ ನಿಮಗೆಲ್ಲ ನಮ್ಮ ನಾಲ್ವರ ಪರವಾಗಿ ಕೃತಜ್ಞತೆಗಳು. ದೊಡ್ಡಕ್ಕಾ, ನಾಳೆ ಬೆಳಿಗ್ಗೆ ಬೇಗ ಬನ್ನಿ. ನಮಸ್ಕಾರ.