ಕ್ರಿಸ್‌ಮಸ್ ಗಿಡ ಮತ್ತು ಅಳಿಲು

ಕಿತ್ತೂರಿನ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಒಬ್ಬ ತಾಯಿ, ಕಾಲೇಜು ಓದುವ ಮಗಳು ಕುಳಿತಿದ್ದರು. ಕೇಳಿಸಿಕೊಳ್ಳಬಾರದಿತ್ತೇನೋ.

“ಯವ್ವಾ, ಮನಿ ಮುಂದಿನ ಕ್ರಿಸ್‌ಮಸ್ ಗಿಡ ಕಡಸಬ್ಯಾಡ.”

“ಹೂವಿಲ್ಲ, ಹಣ್ಣಿಲ್ಲ. ಕಡಿಯಾಕ ಮಡಿವಾಳೆಪ್ಪಗ ಇವತ್ತ ಬಾ ಅಂತ ಹೇಳೇನಿ.”

“ಪೈನಿನಂಥಾ ಗಿಡ, ಹೂ ಬಿಡೂದಿಲ್ಲ. ಅದು ಮೂಲದಾಗ ದೂರದ ಒಂದ ದ್ವೀಪದ್ದು, ಅಲ್ಲಿ ಅಳಿವಿನ ಅಪಾಯದಾಗ ಐತಿ.”

“ಅದರಾಗ ಗೂಡ ಕಟ್ಟಿದ ಅಳಿಲಿಗೆ ಅಪಾಯ ಇಲ್ಲೇನ?”

“ಅದು ಸಸ್ತನಿ, ಮರಿಗೆ ಹಾಲು ಕೊಡ್ತೈತಿ. ಎಲ್ಲಾ ಕಡೆ ಅದಾವ, ಚಿಂತಿ ಇಲ್ಲ.”

“ಮರಿ ಹಾಕೇತೇನ?”

“ಎರಡ ಹಾಕೇತಿ.”

ತಾಯಿ ಕೂಡಲೇ ಫೋನ್ ಹಚ್ಚಿದರು.

“ಮಡಿವಾಳೆಪ್ಪಾ, ಕೊಡ್ಲಿ ತರಬ್ಯಾಡೊ. ಗಿಡದಾಗ ಬಾಣಂತಿ ಅದಾಳ.”

ದೇಗಾಂವದ ಬಸ್ ಬಂತು. ಇಬ್ಬರೂ ಎದ್ದರು.

“ಬಾಣಂತನ ಮುಗದ ಮ್ಯಾಲ ಕಡಸ್ತೀಯೇನ?”

“ಅಳಿಲಿಂದು ಎಲ್ಲಿ ಮುಗೀತೈತಿ? ಹತ್ತ ಹತ್ತ.”